ಅರ್ಧ ಹೆಸರಿನ ಮನೆ

ಹದಿನೈದು ವರ್ಷದ ಹಿಂದಿನ ಮಾತು. ವಿಜಯನಗರದ ಮಾರುತಿ ಮಂದಿರದಿಂದ ನಡೆದು ಹೋಗುವಷ್ಟು ದೂರದ ಅಡ್ಡರಸ್ತೆಯಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಜೊತೆಗೆ ಅಮ್ಮ ಇದ್ದಳು. ಮೊದಲ ಮಹಡಿ, ಎರಡು ಕೋಣೆ, ಅಡುಗೆಮನೆಯ ಕಿಟಕಿಗೆ ಬೆಳಗಿನ ಬಿಸಿಲು. ಅಮ್ಮ ನಲ್ಲಿ ತಿರುಗಿಸಿ ನೋಡಿದಳು. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ, ಬಟ್ಟೆ ಒಗೆಯುವ ಕಲ್ಲು ಎಲ್ಲಿ ಎಂದೆಲ್ಲ ವಿಚಾರಿಸಿದಳು. ಅಡ್ವಾನ್ಸ್ ಮಾತೂ ಮುಗಿಯಿತು. ಕೆಳಗಿಳಿದು ಬರುವಾಗ ಮನೆಯೊಡತಿ, ಅರವತ್ತು ದಾಟಿದ ಹೆಂಗಸು, ಮೆಟ್ಟಿಲ ಬಳಿ ನಿಂತು ಕೇಳಿದರು: “ಹೆಸರೇನಪ್ಪ ನಿಂದು?”

ನನ್ನ ಹೆಸರಿಗೆ ಎರಡು ಭಾಗ. ಮೊದಲರ್ಧ ಈ ನಾಡಿನ ಯಾವ ಮನೆಯ ಹುಡುಗನಿಗಾದರೂ ಇರಬಹುದಾದದ್ದು. ಎರಡನೆಯರ್ಧ ತಾತನದು, ಬೈಬಲಿನ ಆದಿಕಾಂಡದಿಂದ ನೇರವಾಗಿ ಎದ್ದು ಬಂದದ್ದು. ಅದರ ಹಿಂದಿನ ಭಾನುವಾರ ಬೇರೊಂದು ಬಡಾವಣೆಯಲ್ಲಿ ಹೆಸರನ್ನು ಪೂರ್ತಿ ಹೇಳಿದ್ದೆ. ಒಳಗೆ ಹೋಗಿ ಬಂದ ಯಜಮಾನರು, ಮನೆ ಆಗಲೇ ಯಾರಿಗೋ ಮಾತಾಗಿದೆ, ತಮಗೆ ನೆನಪಿರಲಿಲ್ಲ ಎಂದರು. ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ಆ ಗೇಟಿನಲ್ಲಿ ಮುಂದಿನ ವಾರವೂ ತೂಗುತ್ತಿತ್ತು. ಹಾಗಾಗಿ ಈ ಸಲ ಮೊದಲರ್ಧವನ್ನಷ್ಟೇ ಹೇಳಿದೆ. ಅಮ್ಮ ನನ್ನ ಮುಖ ನೋಡಲಿಲ್ಲ. ಮನೆ ಸಿಕ್ಕಿತು.

ಆ ವರ್ಷ ಕ್ರಿಸ್‌ಮಸ್ಸಿಗೆ ನಾವು ನಕ್ಷತ್ರ ಕಟ್ಟಲಿಲ್ಲ. ಪ್ರತಿ ವರ್ಷ ಡಿಸೆಂಬರ್ ಒಂದಕ್ಕೆ ಅಟ್ಟದಿಂದ ಇಳಿಯುತ್ತಿದ್ದ ಕಾಗದದ ನಕ್ಷತ್ರ ರಟ್ಟಿನ ಪೆಟ್ಟಿಗೆಯಲ್ಲೇ ಉಳಿಯಿತು. ಕಟ್ಟಬೇಡವೆಂದು ಯಾರೂ ಹೇಳಿರಲಿಲ್ಲ. ನಾನೇ ಕಟ್ಟಲಿಲ್ಲ, ಅಮ್ಮ ಕೇಳಲಿಲ್ಲ.

ಎರಡು ಹೆಸರಿಟ್ಟುಕೊಂಡು ಬದುಕುವ ಕ್ರೈಸ್ತರು ಕರ್ನಾಟಕದಲ್ಲಿ ಬಹಳ ಮಂದಿ. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇಕಡ 1.87, ಅಂದರೆ ಸುಮಾರು 11.4 ಲಕ್ಷ ಜನ. ಎರಡು ಹೆಸರಿಗೆ ಎಲ್ಲರದೂ ಒಂದೇ ಕಾರಣವಲ್ಲ. ಕೆಲವು ಮನೆಗಳಲ್ಲಿ ಅದು ಅಜ್ಜಿಯ ಆಸೆ, ಕೆಲವು ಕಡೆ ಶಾಲೆಯ ಮೇಷ್ಟ್ರ ಬರವಣಿಗೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆ ಇಲ್ಲ. ಕೇರಿಯಲ್ಲಿ ಅದೇ ಮನೆ, ಅದೇ ಬಾವಿಯ ಅವಮಾನ ಇದ್ದರೂ ಸರ್ಟಿಫಿಕೇಟಿನಲ್ಲಿ ಬೇರೆ. ಹೀಗೆ ಕಾಗದದ ಹೆಸರೊಂದು, ದೇವಾಲಯದ ಹೆಸರೊಂದು ಆದ ಮನೆಗಳನ್ನು ನಾನು ಬಲ್ಲೆ. ಅವರನ್ನು ತಪ್ಪಿತಸ್ಥರೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ನನ್ನ ಕತೆ ಅಷ್ಟು ಭಾರದ್ದಲ್ಲ. ನಾನು ಹೆಸರು ನುಂಗಿದ್ದು ಎರಡು ಕೋಣೆಯ ಮನೆಗಾಗಿ.

*

ಅಮ್ಮ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುತ್ತಿದ್ದವಳು. ಅವಳ ಬೈಬಲ್ಲಿಗೆ ಅಲ್ಲಿ ಉಳಿದ ನೀಲಿ ಗೆರೆಯ ಶರ್ಟು ಬಟ್ಟೆಯದೇ ಹೊದಿಕೆ. ಮೂಲೆಗಳಿಗೆ ಎರಡೆರಡು ಹೊಲಿಗೆ. ಹಾಳೆಗಳ ಅಂಚಿಗೆ ಹಚ್ಚಿದ್ದ ಕೆಂಪು ಬಣ್ಣ ಕೀರ್ತನೆಗಳು ಇರುವ ನಡುಭಾಗದಲ್ಲಿ ಮಾತ್ರ ಬೆರಳು ತಾಗಿ ತಾಗಿ ಅಳಿಸಿ ಹೋಗಿ ಕಾಗದದ ಬಿಳಿ ಕಾಣುತ್ತದೆ. ಮುಂದಿನ ಖಾಲಿ ಹಾಳೆಯಲ್ಲಿ ತಾತನ ಕೈಬರಹ: ಮದುವೆ, ಮಕ್ಕಳು, ಸಾವು. ಪ್ರತಿ ಹೆಸರೂ ಅಲ್ಲಿ ಪೂರ್ತಿ ಇದೆ. ನನ್ನದೂ.

ಅವಳು ಓದುವುದು ಬೆಳಗಿನ ಐದೂವರೆಗೆ, ಅನ್ನಕ್ಕೆ ಎಸರಿಟ್ಟು. ಓದುವುದೆಂದರೆ ಗಟ್ಟಿಯಾಗಿ, ಬೆರಳಿಟ್ಟು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಒತ್ತಕ್ಷರ ಬಂದಾಗ ಬೆರಳು ನಿಲ್ಲುತ್ತದೆ, ತುಟಿ ಎರಡು ಸಲ ಅಭ್ಯಾಸ ಮಾಡುತ್ತದೆ, ಆಮೇಲೆ ಪದ ಹೊರಗೆ ಬರುತ್ತದೆ. ಎಸರು ಕುದಿಯುವುದರೊಳಗೆ ಒಂದು ಅಧ್ಯಾಯ. ನಮ್ಮ ಮನೆಯಲ್ಲಿ ಇದಕ್ಕೆ ‘ವಾಕ್ಯ ಓದೋದು’ ಎನ್ನುತ್ತಾರೆ. ಬೈಬಲ್ ಎಂಬ ಪದ ಅಂಗಡಿಗೆ. ಮನೆಯೊಳಗೆ ಅದು ಸತ್ಯವೇದ, ಇಲ್ಲವೇ ಬರೀ ವಾಕ್ಯ.

ಚಿಕ್ಕವನಿದ್ದಾಗ ನನಗೆ ಅದರ ಪುಸ್ತಕಗಳ ಹೆಸರೇ ಒಂದು ಬೆರಗು. ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ. ಶಾಲೆಯಲ್ಲಿ ಮೇಷ್ಟ್ರು ರಾಮಾಯಣದ ಅರಣ್ಯಕಾಂಡ ಎಂದಾಗ ನಾನು ಕೈಯೆತ್ತಿ, ಅದು ನಮ್ಮ ಮನೆಯಲ್ಲೂ ಇದೆ ಸಾರ್ ಎಂದಿದ್ದೆ. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಮೋಶೆಯ ಜನ ನಲವತ್ತು ವರ್ಷ ಅಲೆದ ಮರಳುಗಾಡಿನ ಕತೆಗೆ, ರಾಮ ಸೀತೆ ಲಕ್ಷ್ಮಣರು ಅಲೆದ ಕಾಡಿನ ಹೆಸರನ್ನು ಇಟ್ಟವರು ಯಾರು? ಇಂಗ್ಲಿಷಿನಲ್ಲಿ ಆ ಪುಸ್ತಕಕ್ಕೆ ‘ಸಂಖ್ಯೆಗಳು’ ಎಂಬ ಒಣ ಹೆಸರಿದೆ. ಕನ್ನಡದಲ್ಲಿ ಅದು ಕಾಡಿನ ಪುಸ್ತಕವಾಯಿತು.

ಆ ‘ಯಾರು’ ಎಂಬುದಕ್ಕೆ ಉತ್ತರ ಹುಡುಕುತ್ತ ಹೋದರೆ ಬಳ್ಳಾರಿ ಸಿಗುತ್ತದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕನ್ನಡ ಕಲಿತು ಅನುವಾದಕ್ಕೆ ಕೂತರು. ಅದೇ ಕಾಲಕ್ಕೆ ದೂರದ ಬಂಗಾಳದ ಶ್ರೀರಾಂಪುರದಲ್ಲಿ ವಿಲಿಯಂ ಕೇರಿಯವರ ಬಳಗವೂ ಕನ್ನಡ ಹೊಸ ಒಡಂಬಡಿಕೆಯ ಕೆಲಸ ನಡೆಸಿತ್ತು. 1812ರ ಮಾರ್ಚ್ 11ರ ರಾತ್ರಿ ಅವರ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡದ್ದೂ ಒಂದು. ಮತ್ತೆ ಮೊದಲಿನಿಂದ ಬರೆದು 1823ರಲ್ಲಿ ಅಚ್ಚು ಹಾಕಿದರು. ಬಳ್ಳಾರಿಯಲ್ಲಿ ಹ್ಯಾಂಡ್ಸ್ ಜೊತೆಗೆ ವಿಲಿಯಂ ರೀವ್ ಸೇರಿಕೊಂಡರು. 1830ರ ದಶಕದ ಆರಂಭಕ್ಕೆ ಹಳೆಯ ಒಡಂಬಡಿಕೆ ಸೇರಿ ಇಡೀ ಸತ್ಯವೇದ ಕನ್ನಡದಲ್ಲಿತ್ತು. ಈ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ತಂದರು. ಒಂದು ಕೈಯಲ್ಲಿ ದೇವರ ಮಾತು, ಇನ್ನೊಂದು ಕೈಯಲ್ಲಿ ಸಂತೆಯ ಮಾತು ಇಟ್ಟುಕೊಂಡು ಇಪ್ಪತ್ತು ವರ್ಷ ದುಡಿದ ಜನ ಅವರು. ಅವರ ಪಕ್ಕದಲ್ಲಿ ಕೂತು, ಈ ಪದ ನಡೆಯುತ್ತದೆ, ಇದು ನಡೆಯುವುದಿಲ್ಲ ಎಂದು ಹೇಳಿಕೊಟ್ಟ ಕನ್ನಡದ ಪಂಡಿತರು, ಮುನ್ಷಿಗಳು ಇದ್ದರು. ಅವರ ಹೆಸರುಗಳು ಮುಖಪುಟಕ್ಕೆ ಬರಲಿಲ್ಲ. ಅರಣ್ಯಕಾಂಡ ಎಂಬ ಹೆಸರು ಅಂಥವರೊಬ್ಬರ ಬಾಯಿಂದ ಬಂದಿರಬೇಕು ಎಂದು ನಾನು ಊಹಿಸಿಕೊಂಡಿದ್ದೇನೆ. ಇದು ನನ್ನ ಊಹೆ, ನನಗೆ ಇಷ್ಟವಾದದ್ದು.

ಮಂಗಳೂರಿನ ಬಾಸೆಲ್ ಮಿಷನ್ನಿನವರು ಆಮೇಲೆ ಆ ಅನುವಾದವನ್ನು ತಿದ್ದಿ ತೀಡಿದರು. ಬೆಂಗಳೂರಿನಲ್ಲಿ ಐವತ್ತು ವರ್ಷದಷ್ಟು ಕಾಲ ಇದ್ದ ಬೆಂಜಮಿನ್ ರೈಸ್ ಕೂಡ ಆ ಕೆಲಸಕ್ಕೆ ಹೆಗಲು ಕೊಟ್ಟವರು. ಅವೆನ್ಯೂ ರಸ್ತೆಯ ಗದ್ದಲದ ನಡುವೆ ನಿಂತಿರುವ ರೈಸ್ ಸ್ಮಾರಕ ದೇವಾಲಯ ಅವರದೇ ಹೆಸರಿನದು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚಿಗೆ ತಂದರು. ಫರ್ಡಿನಂಡ್ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಬದುಕನ್ನು ನಮ್ಮ ಛಂದಸ್ಸಿಗೆ ಕೂರಿಸಿದರು. 1894ರ ಅವರ ನಿಘಂಟಿನ ಮಾತು ಎಲ್ಲರಿಗೂ ಗೊತ್ತು. ಇವರೆಲ್ಲ ಜನರನ್ನು ತಮ್ಮ ಮತಕ್ಕೆ ಕರೆಯಲು ಬಂದವರು; ಅದನ್ನು ಮುಚ್ಚಿಡುವುದು ಬೇಡ. ಆದರೆ ಒಂದು ಭಾಷೆಯಲ್ಲಿ ದೇವರನ್ನು ಕರೆಯಬೇಕಾದರೆ ಆ ಭಾಷೆ ಈಗಾಗಲೇ ದೇವರನ್ನು ಹೇಗೆ ಕರೆದಿದೆ ಎಂದು ಕೇಳಿಸಿಕೊಳ್ಳಬೇಕು. ಕೃಪೆ, ಕರುಣೆ, ದೀಕ್ಷೆ, ಸ್ತೋತ್ರ, ಧ್ಯಾನ ಇವೆಲ್ಲ ಶರಣರೂ ದಾಸರೂ ಬಳಸಿ ಬೆಚ್ಚಗಾಗಿಸಿಟ್ಟ ಪದಗಳು. ನಮ್ಮ ಅಮ್ಮ ಬೆರಳಿಟ್ಟು ಓದುವುದು ಅವನ್ನೇ.

ಇದರಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು ಒಂದು ಸಣ್ಣ ಸರ್ವನಾಮ. ಪ್ರಾಟೆಸ್ಟಂಟರ ಹಳೆಯ ಅನುವಾದದಲ್ಲಿ ಯೇಸುವಿಗೆ ‘ಆತನು’. ಪ್ರಾರ್ಥನೆಯಲ್ಲಿ ದೇವರಿಗೆ ‘ನೀನು’. ಕಥೋಲಿಕರ ಪ್ರಾರ್ಥನೆಯಲ್ಲಿ ದೇವರು ‘ನೀವು’. ಅವರೂ ಬಳಸುವ ಹೊಸ ಅನುವಾದದಲ್ಲಿ ಯೇಸು ‘ಅವರು’, ಯೆಹೋವನ ಜಾಗದಲ್ಲಿ ‘ಸರ್ವೇಶ್ವರ’. ನನ್ನ ಹೆಂಡತಿ ಕನಕಪುರ ಕಡೆಯ ಕಥೋಲಿಕ ಮನೆಯವಳು. ಮದುವೆಯಾದ ಹೊಸದರಲ್ಲಿ ರಾತ್ರಿ ಪ್ರಾರ್ಥನೆಗೆ ಕೂತಾಗ ನಾನು ‘ನೀನು’ ಅನ್ನುವುದು, ಅವಳು ‘ನೀವು’ ಅನ್ನುವುದು, ಇಬ್ಬರೂ ತಡವರಿಸಿ ನಿಲ್ಲುವುದು. ಕನ್ನಡದಲ್ಲಿ ಅಪ್ಪನಿಗೆ ನೀನು ಅನ್ನುವ ಮನೆಗಳಿವೆ, ನೀವು ಅನ್ನುವ ಮನೆಗಳಿವೆ. ಎರಡರಲ್ಲೂ ಮಕ್ಕಳು ಅಪ್ಪನ ಹೆಗಲೇರುತ್ತಾರೆ. ಈಗ ನಮ್ಮ ಮಗಳು ಒಂದೇ ಪ್ರಾರ್ಥನೆಯಲ್ಲಿ ಎರಡನ್ನೂ ಬೆರೆಸಿ ಹೇಳುತ್ತಾಳೆ. ನಾವು ತಿದ್ದುವುದನ್ನು ಬಿಟ್ಟಿದ್ದೇವೆ.

*

ವಿಜಯನಗರದ ಆ ಮನೆಯಲ್ಲಿ ಎರಡನೆಯ ಮಳೆಗಾಲ. ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿದ್ದೆವು. ಹದಿನೈದು ದಿನ ಓದುವಂತಿರಲಿಲ್ಲ. ಹಾಗಾಗಿ ಐದೂವರೆಗೆ ಓದುವ ಕೆಲಸ ನನಗೆ ಬಂತು. ಭಾನುವಾರ ಹಡ್ಸನ್ ದೇವಾಲಯದ ಬೆಂಚಿನ ಮೇಲೆ ಕೂತು ಪ್ರಸಂಗ ಕೇಳಿ ಬರುತ್ತಿದ್ದವನೇ ಹೊರತು, ಸಾಲಾಗಿ ಓದಿದವನಲ್ಲ ನಾನು. ಅಮ್ಮ ಆದಿಕಾಂಡದ ನಡುವೆ ನಿಲ್ಲಿಸಿದ್ದಳು. ಅಲ್ಲಿಂದ ಎತ್ತಿಕೊಂಡೆ.

ಇಸಾಕನಿಗೆ ವಯಸ್ಸಾಗಿದೆ, ಕಣ್ಣು ಕಾಣದು. ದೊಡ್ಡ ಮಗ ಏಸಾವನಿಗೆ ಆಶೀರ್ವಾದ ಮಾಡಬೇಕೆಂದಿದ್ದಾನೆ. ತಾಯಿ ರೆಬೆಕ್ಕಳ ಮಾತು ಕೇಳಿ ಚಿಕ್ಕವನು ಯಾಕೋಬ ಅಣ್ಣನ ಬಟ್ಟೆ ಉಟ್ಟು, ಕೈಗೂ ಕುತ್ತಿಗೆಗೂ ಮೇಕೆಮರಿಯ ಚರ್ಮ ಸುತ್ತಿಕೊಂಡು ಒಳಗೆ ಬರುತ್ತಾನೆ. ಯಾರು ಮಗನೇ ನೀನು ಎಂದು ಕುರುಡು ತಂದೆ ಕೇಳುತ್ತಾನೆ. ಏಸಾವ, ನಿನ್ನ ಹಿರಿಯ ಮಗ ಎಂದು ಯಾಕೋಬ ಹೇಳುತ್ತಾನೆ. ಮುದುಕನಿಗೆ ಅನುಮಾನ, ಕೈ ಸವರಿ ನೋಡುತ್ತಾನೆ, ಮತ್ತೊಮ್ಮೆ ಕೇಳುತ್ತಾನೆ. ಮತ್ತೊಮ್ಮೆ ಅದೇ ಸುಳ್ಳು. ಆಶೀರ್ವಾದ ಸಿಗುತ್ತದೆ.

ಇದನ್ನು ನಾನು ಸಂಡೇ ಸ್ಕೂಲಿನಲ್ಲಿ ಬಣ್ಣದ ಚಿತ್ರದ ಜೊತೆಗೆ ಕೇಳಿದ್ದೆ. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತ ಅಮ್ಮನಿಗೆ ಓದಿ ಹೇಳುವಾಗ ಅದು ಬೇರೆಯೇ ಆಗಿ ಕೇಳಿಸಿತು. ಯಾರು ನೀನು ಎಂಬ ಪ್ರಶ್ನೆ ಬಂದ ಕಡೆ ನನ್ನ ದನಿ ನಿಂತಿತು. ಅಮ್ಮ, “ಮುಂದಕ್ಕೆ ಓದು” ಎಂದಳು.

ಮುಂದಕ್ಕೆ ಐದು ಅಧ್ಯಾಯ, ಇಪ್ಪತ್ತು ವರ್ಷ. ಸುಳ್ಳು ಹೇಳಿ ಓಡಿಹೋದವನು ಹೆಂಡಿರು ಮಕ್ಕಳು ದನಕುರಿಗಳೊಂದಿಗೆ ಹಿಂದಿರುಗುತ್ತಿದ್ದಾನೆ. ಎದುರಿಗೆ ಅಣ್ಣ ನಾನೂರು ಜನರನ್ನು ಕಟ್ಟಿಕೊಂಡು ಬರುತ್ತಿದ್ದಾನೆಂದು ಸುದ್ದಿ. ಯಬ್ಬೋಕ್ ಹೊಳೆಯಲ್ಲಿ ಎಲ್ಲರನ್ನೂ ದಾಟಿಸಿ ಯಾಕೋಬ ಒಬ್ಬನೇ ಈಚೆ ಉಳಿಯುತ್ತಾನೆ. ಕತ್ತಲಲ್ಲಿ ಯಾರೋ ಬಂದು ಮೇಲೆ ಬೀಳುತ್ತಾರೆ. ಬೆಳಗಾಗುವತನಕ ಕುಸ್ತಿ. ತೊಡೆಯ ಕೀಲು ಜಾರುತ್ತದೆ, ಆದರೂ ಹಿಡಿತ ಬಿಡುವುದಿಲ್ಲ. ಆಶೀರ್ವಾದ ಮಾಡದೆ ಬಿಡೆನೆಂದು ಹಟ. ಆಗ ಆ ಅಪರಿಚಿತ ಕೇಳುವುದು ಒಂದೇ ಪ್ರಶ್ನೆ, ಹೆಸರೇನೆಂದು. ಹಿಂದೊಮ್ಮೆ ಇದೇ ಪ್ರಶ್ನೆಗೆ, ಇದೇ ಆಶೀರ್ವಾದಕ್ಕಾಗಿ, ಅಣ್ಣನ ಹೆಸರು ಹೇಳಿದ್ದವನು ಈ ಸಲ ತನ್ನದನ್ನು ಹೇಳುತ್ತಾನೆ. ಯಾಕೋಬ. ಹುಟ್ಟುವಾಗ ಅಣ್ಣನ ಹಿಮ್ಮಡಿ ಹಿಡಿದುಕೊಂಡು ಬಂದವನೆಂಬ ಅರ್ಥದ, ಮೋಸಗಾರನೆಂಬ ವಾಸನೆಯೂ ಇರುವ ಹೆಸರು. ಅದನ್ನು ಹೇಳಿದ ಮೇಲೆಯೇ ಅವನಿಗೆ ಇಸ್ರಾಯೇಲನೆಂಬ ಹೊಸ ಹೆಸರು.

ಆ ಯಬ್ಬೋಕ್ ಈಗ ಜೋರ್ಡಾನ್ ದೇಶದ ಜರ್ಕಾ ನದಿ. ಊರುಗಳ, ಕಾರ್ಖಾನೆಗಳ ಕೊಳೆ ಹರಿದು ಕೆಟ್ಟುಹೋದ ನದಿ. ಅಮ್ಮ ಅದನ್ನು ಕಲ್ಪಿಸಿಕೊಂಡದ್ದು ಮೈಸೂರು ರಸ್ತೆಯ ಪಕ್ಕದ ವೃಷಭಾವತಿಯಂತೆ. ಫ್ಯಾಕ್ಟರಿಗೆ ಹೋಗುವಾಗ ದಿನವೂ ಮೂಗು ಮುಚ್ಚಿ ದಾಟುತ್ತಿದ್ದ ಹೊಳೆ ಅವಳಿಗೆ ಅದೊಂದೇ. ಅವಳ ಕಲ್ಪನೆ ನಿಜಕ್ಕೆ ಇಷ್ಟು ಹತ್ತಿರವೆಂದು ನನಗೆ ತಿಳಿದದ್ದು ತೀರಾ ಈಚೆಗೆ.

ಇನ್ನೊಂದು ವಿಷಯವನ್ನು ಯಾವ ಪ್ರಸಂಗದಲ್ಲೂ ನಾನು ಕೇಳಿರಲಿಲ್ಲ. ಓದುತ್ತ ಹೋದಾಗ ಕಣ್ಣಿಗೆ ಬಿತ್ತು. ಅಬ್ರಾಮನಿಗೆ ಅಬ್ರಹಾಮನೆಂದು ಹೆಸರಾದ ಮೇಲೆ ಮುಂದಿನ ಕತೆಯಲ್ಲಿ ಹಳೆಯ ಹೆಸರು ಮತ್ತೆ ಬರುವುದಿಲ್ಲ. ಯಾಕೋಬನದು ಹಾಗಲ್ಲ. ಇಸ್ರಾಯೇಲನಾದ ಮೇಲೂ ಕತೆ ಅವನನ್ನು ಯಾಕೋಬ ಎನ್ನುತ್ತಲೇ ಇರುತ್ತದೆ, ಒಮ್ಮೆ ಅದು, ಒಮ್ಮೆ ಇದು. ದೇವರ ಬಗ್ಗೆ ಮಾತಾಡುವಾಗಲೂ ಯಾಕೋಬನ ದೇವರು ಎಂದೇ ಕರೆಯುತ್ತದೆ. ನಂಬಿಕೆ ಬಂದ ಕೂಡಲೇ ಹಳೆಯ ಮನುಷ್ಯ ಸ್ಲೇಟು ಒರೆಸಿದಂತೆ ಹೋಗಿಬಿಡುತ್ತಾನೆಂದು ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳುವವರುಂಟು. ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ನನಗೆ ಆದದ್ದು ಮಾತ್ರ ಯಾಕೋಬನ ರೀತಿಯಲ್ಲಿ. ತಾತನ ಕೇರಿ, ಅಮ್ಮನ ಹೊಲಿಗೆ ಮೆಷಿನ್ನು, ಯುಗಾದಿಗೆ ಪಕ್ಕದ ಮನೆಯಿಂದ ಬರುವ ಹೋಳಿಗೆ, ನನ್ನ ಪುಕ್ಕಲುತನ, ಯಾವುದೂ ಅಳಿಸಿ ಹೋಗಲಿಲ್ಲ. ಅವೆಲ್ಲ ಇರುವ ನನ್ನನ್ನೇ ಯಾರೋ ಹೆಸರು ಕೇಳುತ್ತಿದ್ದಾರೆ ಎಂದು ಅನ್ನಿಸಿತು, ಅಷ್ಟೆ.

ಹೇಳಲು ನನಗೆ ಮತ್ತೂ ಮೂರು ವಾರ ಬೇಕಾಯಿತು. ಬಾಡಿಗೆ ಕೊಡಲು ಇಳಿದ ಒಂದು ಸಂಜೆ ಮನೆಯೊಡತಿ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ದುಡ್ಡು ಕೊಟ್ಟು ನಿಂತೇ ಇದ್ದೆ. “ಆಂಟಿ, ಮನೆಗೆ ಬಂದಾಗ ನನ್ನ ಹೆಸರು ಅರ್ಧ ಹೇಳಿದ್ದೆ” ಎಂದೆ. ಇನ್ನರ್ಧ ಹೇಳಿದೆ. ನಾವು ಕ್ರೈಸ್ತರು ಎಂದೆ. ಮನೆ ಖಾಲಿ ಮಾಡಿ ಅಂದರೆ ಮಾಡುತ್ತೇವೆ ಎಂಬುದನ್ನೂ ಸೇರಿಸಿದೆ. ಅವರು ಸಿಪ್ಪೆಯನ್ನು ಮೊರದ ಅಂಚಿಗೆ ತಳ್ಳಿದರು.

“ನಿಮ್ಮಮ್ಮ ಬೆಳಿಗ್ಗೆ ಓದೋದು ನಮ್ಮ ದೇವರಮನೆಗೆ ಕೇಳುತ್ತಪ್ಪ. ಎರಡು ವರ್ಷದಿಂದ ಕೇಳ್ತಿದೀನಿ. ಹೋದ ತಿಂಗಳು ನಿನ್ನ ದನಿ ಬರ್ತಿತ್ತು. ಅವರ ಕಣ್ಣು ಹೇಗಿದೆ?”

ಸ್ವಲ್ಪ ಹೊತ್ತು ಬಿಟ್ಟು ಅವರು ಹೇಳಿದ ಇನ್ನೊಂದು ಮಾತನ್ನೂ ಬರೆಯಬೇಕು. “ಮೊದಲೇ ಹೇಳಿದ್ರೆ ಕೊಡ್ತಿದ್ನೋ ಇಲ್ವೋ, ಗೊತ್ತಿಲ್ಲ ಕಣಪ್ಪ. ನಮ್ಮನೇವ್ರು ಇದ್ದಾಗ ಕೊಡ್ತಿರಲಿಲ್ಲ.” ಅದು ಅವರ ಪೂರ್ತಿ ಹೆಸರು ಎಂದುಕೊಂಡೆ. ಆ ಡಿಸೆಂಬರಿನಲ್ಲಿ ನಕ್ಷತ್ರ ಕಟ್ಟಲು ಸ್ಟೂಲು ಕೊಟ್ಟವರು ಅವರೇ.

*

ಈಗ ನಾವಿರುವುದು ಬಸವೇಶ್ವರನಗರದಲ್ಲಿ, ಹಾವನೂರು ಸರ್ಕಲ್ಲಿಗೆ ಹತ್ತಿರ. ಬಸವಣ್ಣನ ಹೆಸರಿನ ಬಡಾವಣೆಯಲ್ಲಿ ಸತ್ಯವೇದ ಓದುವಾಗ ನನಗೆ ನೆನಪಾಗುವವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಸಭಾಪಾಲಕರು. ನಮ್ಮ ರೂಢಿಯಲ್ಲಿ ಹೇಳುವುದಾದರೆ ಅಯ್ಯನವರು. ಸಭೆಯ ಕೆಲಸದ ನಡುವೆಯೇ ಊರೂರು ಸುತ್ತಿ, ಓಲೆಗರಿ, ಕಾಗದ, ಜನರ ಬಾಯಿ ಎಲ್ಲ ಕಡೆಯಿಂದ ಸರ್ವಜ್ಞನ ತ್ರಿಪದಿಗಳನ್ನು ಒಟ್ಟುಮಾಡಿದರು. ಸುಮಾರು ಎರಡು ಸಾವಿರ ವಚನಗಳ ಆ ಸಂಗ್ರಹ 1924ರಲ್ಲಿ ಹೊರಬಂತು. ಇಂದು ನಾವು ಶಾಲೆಯಲ್ಲಿ ಓದುವ ಸರ್ವಜ್ಞ ನಮಗೆ ದಕ್ಕಿದ್ದರಲ್ಲಿ ಈ ಪಾದ್ರಿಯ ಕಾಲ್ನಡಿಗೆಯ ಪಾಲು ದೊಡ್ಡದು. ಆಮೇಲೆ ಶರಣರ ಕಡೆಗೆ ತಿರುಗಿ ಅನುಭವ ಮಂಟಪದ ಚರಿತ್ರೆ ಬರೆದರು, ಮೋಳಿಗೆ ಮಾರಯ್ಯನ ವಚನಗಳನ್ನು ಸಂಪಾದಿಸಿದರು, ಬಸವೇಶ್ವರನೂ ಅಸ್ಪೃಶ್ಯರ ಉದ್ಧಾರವೂ ಎಂಬ ವಿಷಯ ಹಿಡಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬುದು ಅವರ ಇನ್ನೊಂದು ಪುಸ್ತಕ. ಬೆತ್ಲೆಹೇಮು ಬನಾರಸಕ್ಕೆ ಆಜ್ಞೆ ಮಾಡುವುದಿಲ್ಲ, ವಿನಂತಿಸುತ್ತದೆ. ಆ ಹೆಸರಿನಲ್ಲೇ ಅವರ ಮನಸ್ಸು ಕಾಣುತ್ತದೆ. ತಿರುಳ್ಗನ್ನಡದ ತಿರುಕ ಎನಿಸಿಕೊಂಡ ಅವರನ್ನು ಕನ್ನಡ ಜನ 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು.

ಉತ್ತಂಗಿಯವರಿಗೆ ಕ್ರಿಸ್ತನೂ ಬೇಕಿತ್ತು, ಕನ್ನಡದ ತಿರುಳೂ ಬೇಕಿತ್ತು. ಒಂದಕ್ಕಾಗಿ ಇನ್ನೊಂದನ್ನು ನುಂಗಿಕೊಳ್ಳಬೇಕೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. ಅತ್ತ ಮಂಜೇಶ್ವರದಲ್ಲಿ ಗೋವಿಂದ ಪೈಗಳು ಕ್ರೈಸ್ತರಾಗದೆಯೇ ‘ಗೊಲ್ಗೊಥಾ’ ಬರೆದು ಯೇಸುವಿನ ಕಡೆಯ ದಿನವನ್ನು ಕನ್ನಡದ ಕಾವ್ಯವಾಗಿಸಿದರು. ನಾನು ನನ್ನ ಹೆಸರನ್ನು ಮೆಟ್ಟಿಲ ಬಳಿ ನುಂಗಿದ ಹೊತ್ತಿಗೆ ಇವರಿಬ್ಬರನ್ನೂ ಓದಿರಲಿಲ್ಲ.

ಶನಿವಾರ ಸಂಜೆ ಏಳಕ್ಕೆ ನಮ್ಮ ಹಜಾರದಲ್ಲಿ ವಾಕ್ಯ ಓದಲು ಎಂಟು ಹತ್ತು ಜನ ಸೇರುತ್ತೇವೆ. ಕಾಮಾಕ್ಷಿಪಾಳ್ಯದಿಂದ ಲೇತ್ ಮೆಷಿನ್ ಕೆಲಸ ಮುಗಿಸಿ ಕೈಯ ಎಣ್ಣೆ ಪೂರ್ತಿ ಹೋಗದೆ ಬರುವ ಒಬ್ಬರು, ಒಬ್ಬ ಆಟೋ ಚಾಲಕರು ಮತ್ತು ಅವರ ಹೆಂಡತಿ, ರಾಜಾಜಿನಗರದಿಂದ ಒಬ್ಬ ನಿವೃತ್ತ ನರ್ಸ್, ಕೆಂಗೇರಿಯಿಂದ ಮೆಟ್ರೋದಲ್ಲಿ ಬಂದು ವಿಜಯನಗರ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿಯುವ ಪಿಯುಸಿ ಹುಡುಗಿ. ಪ್ರಸಂಗ ಇಲ್ಲ, ಮೈಕಿಲ್ಲ. ಒಂದು ಅಧ್ಯಾಯವನ್ನು ಸರದಿಯ ಮೇಲೆ ಓದುತ್ತೇವೆ, ನಿಧಾನಕ್ಕೆ, ತಪ್ಪಿದರೆ ಮತ್ತೆ. ಹುಡುಗಿ ಮೊದಲು ಫೋನಿನಲ್ಲಿ ಇಂಗ್ಲಿಷ್ ಓದುತ್ತಿದ್ದಳು. ಬೆಂಗಳೂರಿನ ದೇವಾಲಯಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಆರಾಧನೆಗಳ ಎಳೆದಾಟ ಹಳೆಯದು. ಅದಕ್ಕಾಗಿ ಕನ್ನಡ ಕಥೋಲಿಕರು ಬೀದಿಗಿಳಿದದ್ದೂ ಉಂಟು. ಹೊಸ ಮಕ್ಕಳು ಇಂಗ್ಲಿಷಿನ ಕಡೆಗೆ ಜಾರುತ್ತಾರೆ, ಯಾರೂ ದೂಡದೆ. ಅವಳಿಗೂ ನಾವು ಏನೂ ಹೇಳಲಿಲ್ಲ. ಲೇತ್ ಕೆಲಸದವರು ಬೆರಳಿಟ್ಟು ಓದುವುದನ್ನು ನೋಡಿ ನೋಡಿ ಒಂದು ದಿನ ತಾನೇ ಫೋನು ಪಕ್ಕಕ್ಕಿಟ್ಟು ಅವರ ಪುಸ್ತಕಕ್ಕೆ ತಲೆ ಬಗ್ಗಿಸಿದಳು.

ನಮ್ಮಲ್ಲಿ ಒಂದು ವಾಡಿಕೆಯಿದೆ. ಡಿಸೆಂಬರ್ 31ರ ರಾತ್ರಿ ಆರಾಧನೆಯ ಕೊನೆಗೆ ಒಬ್ಬೊಬ್ಬರಿಗೂ ಒಂದು ವಾಗ್ದಾನದ ಕಾರ್ಡು. ವರ್ಷವಿಡೀ ಅದು ಗೋಡೆಯ ಮೇಲೆ, ಆಟೋದ ಗಾಜಿನ ಮೇಲೆ. ಅದರಲ್ಲಿ ಬಹಳ ಸಲ ಕಾಣುವುದು ಯೆರೆಮೀಯನ ಇಪ್ಪತ್ತೊಂಬತ್ತನೆಯ ಅಧ್ಯಾಯದ ಮಾತು: ನಿಮಗೆ ಒಳ್ಳೆಯ ಭವಿಷ್ಯ ಕೊಡಬೇಕೆಂಬುದೇ ನನ್ನ ಯೋಚನೆ ಎಂಬರ್ಥದ್ದು. ನಮ್ಮ ಆಟೋ ಚಾಲಕರಿಗೆ ಒಂದು ವರ್ಷ ಅದೇ ಬಂದಿತ್ತು, ಆ ವರ್ಷವೇ ಗಾಡಿ ಅಪಘಾತವಾಗಿ ಸಾಲ ತಲೆಗೇರಿತ್ತು. ವಾಗ್ದಾನ ಏನಾಯಿತು ಎಂದು ಅವರು ನೊಂದು ಕೇಳಿದರು. ಇಡೀ ಅಧ್ಯಾಯ ಓದೋಣ ಎಂದೆವು. ಓದಿದರೆ ಅದು ಒಂದು ಕಾಗದ. ಬಾಬೆಲಿಗೆ ಸೆರೆಹೋದ ಜನರಿಗೆ ಯೆರೂಸಲೇಮಿನಿಂದ ಬರೆದದ್ದು. ಬೇಗ ಹಿಂದಿರುಗುತ್ತೀರಿ ಎನ್ನುವವರನ್ನು ನಂಬಬೇಡಿ, ಎಪ್ಪತ್ತು ವರ್ಷ ಆಗುತ್ತದೆ ಎಂದು ಅದು ಹೇಳುತ್ತದೆ. ಅಂದರೆ ಅದನ್ನು ಕೇಳಿಸಿಕೊಂಡ ಬಹುಪಾಲು ಜನ ತಮ್ಮ ಊರು ಮತ್ತೆ ನೋಡುವುದಿಲ್ಲ. ಅಲ್ಲಿಯತನಕ ಏನು ಮಾಡಬೇಕು? ಆ ಪರದೇಶದಲ್ಲೇ ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆಯಿಟ್ಟ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ. ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ.

ಹತ್ತು ಜನರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು ಇಬ್ಬರು. ಮಿಕ್ಕವರು ತುಮಕೂರು, ಕುಣಿಗಲ್, ಕನಕಪುರ, ಕೋಲಾರ. ಮನೆಬಾಡಿಗೆ ಎಲ್ಲರಿಗೂ ಗೊತ್ತು. ಒಂದು ಸಾಲಿನ ಕಾರ್ಡು ಅವರಿಗೆ ಕೊಡದಿದ್ದದ್ದನ್ನು ಇಡೀ ಕಾಗದ ಕೊಟ್ಟಿತು. ಕಾರ್ಡಿನ ವಾಡಿಕೆಯನ್ನು ನಾನು ಹಳಿಯುವುದಿಲ್ಲ, ನಮ್ಮ ಗೋಡೆಯ ಮೇಲೂ ಒಂದಿದೆ. ಆದರೆ ಹಣ್ಣಿನ ತಿರುಳು ಬಿಟ್ಟು ಸಕ್ಕರೆ ನೆಕ್ಕುವಂತೆ ಸತ್ಯವೇದವನ್ನು ಓದಿಸುವ ಬೋಧನೆ ಈಚೆಗೆ ಬಹಳವಾಗಿದೆ, ಟಿ.ವಿ.ಯಲ್ಲಿ, ಯೂಟ್ಯೂಬಿನಲ್ಲಿ. ಕೊಟ್ಟರೆ ಎರಡರಷ್ಟು ಬರುತ್ತದೆ, ನಂಬಿದರೆ ಕಾಯಿಲೆ ಬರುವುದಿಲ್ಲ. ಇದರಿಂದ ಬಡವರು ದುಡ್ಡು ಕಳೆದುಕೊಳ್ಳುತ್ತಾರೆ. ಕಾಯಿಲೆ ಬಂದಾಗ, ತಮ್ಮ ನಂಬಿಕೆಯೇ ಸಾಲದೆಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದ ಕುಷ್ಠರೋಗಿಯ ಕತೆ ಓದಿದ ಶನಿವಾರ ಮಾತು ಸುಮನಹಳ್ಳಿಗೆ ಹೋಯಿತು. ಈಗ ಆ ಹೆಸರು ಹೇಳಿದರೆ ಎಲ್ಲರಿಗೂ ಮಾಗಡಿ ರಸ್ತೆಯ ಫ್ಲೈಓವರ್ ನೆನಪಾಗುತ್ತದೆ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಕಥೋಲಿಕ ಮಹಾಧರ್ಮಪ್ರಾಂತ್ಯದ ಆಶ್ರಯದಲ್ಲಿ ಕುಷ್ಠರೋಗಿಗಳ ಪುನರ್ವಸತಿಗೆಂದು ಅಲ್ಲಿ ಕೇಂದ್ರ ಶುರುವಾಯಿತು. ಬೆರಳು ಮೊಂಡಾದ ಕೈಗಳು ಚರ್ಮದ ಚೀಲ, ಪರ್ಸು ಹೊಲಿದ ಜಾಗ ಅದು. ನಮ್ಮ ನರ್ಸಮ್ಮ ಚಿಕ್ಕ ವಯಸ್ಸಿನಲ್ಲಿ ಈ ಕಾಯಿಲೆಯವರ ವಾರ್ಡಿನಲ್ಲಿ ಕೆಲಸ ಮಾಡಿದವರು. ಅವರು ಹೇಳಿದರು: “ಗಾಯಕ್ಕೆ ಡ್ರೆಸಿಂಗ್ ಮಾಡೋವಾಗ ಅವರು ಅಳ್ತಿರಲಿಲ್ಲ. ಡ್ರೆಸಿಂಗ್ ಮುಗಿದ್ಮೇಲೆ ಸುಮ್ನೆ ಭುಜದ ಮೇಲೆ ಕೈ ಇಟ್ರೆ ಅಳೋರು.”

ಯಾಜಕಕಾಂಡದ ನಿಯಮದಂತೆ ಅಂಥ ರೋಗಿ ಊರಹೊರಗೆ ಇರಬೇಕು, ಯಾರಾದರೂ ಹತ್ತಿರ ಬಂದರೆ ತಾನು ಅಶುದ್ಧನೆಂದು ತಾನೇ ಕೂಗಿ ಹೇಳಬೇಕು. ಅವನಿಗೆ ಉಳಿದ ಹೆಸರು ಅದೊಂದೇ, ಅದನ್ನೂ ಅವನ ಬಾಯಿಂದಲೇ ಕೂಗಿಸುತ್ತಿದ್ದರು. ಮಾರ್ಕನ ಕತೆಯಲ್ಲಿ ಅವನು ಕೂಗುವುದಿಲ್ಲ. ನೇರ ಬಂದು ಮೊಣಕಾಲೂರುತ್ತಾನೆ. ಯೇಸು ಮೊದಲು ಕೈಚಾಚಿ ಮುಟ್ಟುತ್ತಾನೆ, ಆಮೇಲೆ ಮಾತಾಡುತ್ತಾನೆ, ವಾಸಿಯಾಗುವುದು ಅದರ ನಂತರ. ಲೇತ್ ಕೆಲಸದವರು ಆ ಮೂರು ಸಾಲನ್ನು ಎರಡು ಸಲ ಓದಿದರು. ಅವರ ತಂದೆಯನ್ನು ಊರಿನ ಹೋಟೆಲಿನಲ್ಲಿ ಹೊರಗೆ ನಿಲ್ಲಿಸಿ, ಮೇಲಿನಿಂದ ಕಾಫಿ ಹುಯ್ಯುತ್ತಿದ್ದರಂತೆ. ಅದನ್ನು ಅವರು ಅಷ್ಟೂ ವರ್ಷದಲ್ಲಿ ನಮಗೆ ಹೇಳಿರಲಿಲ್ಲ. ಆ ಸಂಜೆ ಹೇಳಿದರು, ಪುಸ್ತಕದಿಂದ ಕಣ್ಣೆತ್ತದೆ.

*

ಹೋದ ತಿಂಗಳು ಮತ್ತೆ ಆದಿಕಾಂಡದ ಮೂವತ್ತೆರಡನೆಯ ಅಧ್ಯಾಯಕ್ಕೆ ಬಂದೆವು. ಓದುವ ಸರದಿ ಕೆಂಗೇರಿಯ ಹುಡುಗಿಯದು. ಯಬ್ಬೋಕ್ ಎಂಬಲ್ಲಿ ತಡವರಿಸಿದಳು. ಮೂಲೆಯ ಕುರ್ಚಿಯಿಂದ ಅಮ್ಮ ತಿದ್ದಿದಳು. ಅಮ್ಮನಿಗೀಗ ಎಂಬತ್ತರ ಹತ್ತಿರ, ಆ ಅಧ್ಯಾಯ ಬಾಯಿಪಾಠ. ಹೆಸರು ಕೇಳುವ ಕಡೆ ಬಂದಾಗ ನಾನು ಎಂದಿನಂತೆ ನೆಲ ನೋಡಿದೆ. ಸೂರ್ಯ ಹುಟ್ಟುತ್ತಾನೆ, ಯಾಕೋಬ ಕುಂಟುತ್ತ ಹೊಳೆ ದಾಟುತ್ತಾನೆ. ಅಣ್ಣ ಓಡಿ ಬಂದು ತಬ್ಬಿಕೊಳ್ಳುವುದು ಮುಂದಿನ ಅಧ್ಯಾಯ. ಹುಡುಗಿ ಅಲ್ಲಿಗೆ ಹೋಗದೆ ಪುಸ್ತಕದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

“ಅಂಕಲ್, ಅವನ ಕುಂಟು ಆಮೇಲೆ ಸರಿಹೋಯ್ತಾ?”

ಯಾರಿಗೂ ತಕ್ಷಣ ನೆನಪಾಗಲಿಲ್ಲ. ಆಟೋದವರು ಮುಂದಿನ ಹಾಳೆ ತಿರುವಿದರು, ನಾನು ಅದರ ಮುಂದಿನವು. ಮದುವೆ, ಬರ, ಐಗುಪ್ತ, ಸಾವು, ಎಲ್ಲ ಇತ್ತು. ಕಾಲಿನ ಮಾತು ಎಲ್ಲೂ ಇರಲಿಲ್ಲ.

ನರ್ಸಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, “ಆ ಕೀಲು ಜಾರಿದ್ರೆ ಅಷ್ಟು ಸುಲಭಕ್ಕೆ ಕೂರಲ್ಲಮ್ಮ, ಮಳೆಗಾಲದಲ್ಲಿ ನೋವು ಬಂದೇ ಬರುತ್ತೆ” ಎಂದರು. ಹುಡುಗಿ ತಲೆಯಾಡಿಸಿ, ನಿಲ್ಲಿಸಿದ್ದ ಸಾಲಿನ ಮೇಲೆ ಮತ್ತೆ ಬೆರಳಿಟ್ಟಳು.